ನಾಲ್ಕನೇ ಜ್ವರ

ಕೇಂದ್ರದ ಮೇಲ್ವಿಚಾರಕ ಯೋಗಾನಂದ ರೆಕಾರ್ಡಾದ ಆ ಕರೆಯನ್ನು ಮೂರನೇ ಸಲ ಹಾಕಿ ಕೇಳಿಸಿದರು. ಐವತ್ತನಾಲ್ಕು ಸೆಕೆಂಡಿನ ಕರೆ. ಕಂಪ್ಯೂಟರಿನ ಪಕ್ಕದ ಸಣ್ಣ ಸ್ಪೀಕರಿನಿಂದ ತನ್ನದೇ ದನಿ ಬಂದಾಗ ರಮ್ಯಾ ತಲೆ ತಗ್ಗಿಸಿಕೊಂಡಳು. ಇಷ್ಟು ಅವಸರದಲ್ಲಿ ಮಾತಾಡುವ ಹುಡುಗಿ ತಾನೇ ಎಂದು ಒಪ್ಪಿಕೊಳ್ಳಲು ಅವಳಿಗೆ ಕಷ್ಟವಾಯಿತು.

"ನಮಸ್ಕಾರ ಮೇಡಂ, ಕೇಂದ್ರದಿಂದ ಮಾತಾಡ್ತಿರೋದು. ಮನೇಲಿ ಜ್ವರ ಇದೆಯಾ?"

"ಹೂಂ ಕಣಮ್ಮ, ಐತೆ."

"ಎಷ್ಟಿದೆ ಮೇಡಂ?"

"ನಾಲ್ಕನೇದು. ಇದೇ ಕೊನೇದಲ್ವಾ. ನಾಳೆ ಹೊತ್ತಾರಕ್ಕೆ ಏಳ್ಬೋದು."

"ಊಟ?"

"ಜ್ವರದಲ್ಲಿ ಏನೂ ಹಾಕಾಕಿಲ್ಲ ಕಣಮ್ಮ. ಎದ್ಮೇಲೇಯ."

"ಔಷಧಿ?"

"ಪೌಡ್ರು ಹಾಕಿವ್ನಿ."

"ಯಾರನ್ನಾದ್ರೂ ಕಳಿಸಬೇಕಾ ಮೇಡಂ?"

"ಬ್ಯಾಡಿ ಬ್ಯಾಡಿ. ಜ್ವರದಲ್ಲಿ ಯಾರೂ ಬರ್ಬ್ಯಾಡಿ. ಆಮ್ಯಾಕೆ ನಾನೇ ಫೋನ್ ಮಾಡ್ತೀನಿ."

"ಸರಿ ಮೇಡಂ."

ಅಲ್ಲಿಗೆ ಕರೆ ಮುಗಿಯಿತು. ಯೋಗಾನಂದ ಕುರ್ಚಿಗೆ ಒರಗಿ, ಇನ್ನೇನು ಬೇಕು ಎನ್ನುವಂತೆ ಕೈ ಅಗಲಿಸಿದರು. ಜ್ವರ ಇದೆ ಎಂದು ರೋಗಿಯ ಹೆಂಡತಿಯೇ ಹೇಳಿದ್ದಾಳೆ. ಯಾರನ್ನಾದರೂ ಕಳಿಸಬೇಕೇ ಎಂದು ಕೇಂದ್ರದವರು ಕೇಳಿದ್ದಾರೆ. ಬೇಡ ಎಂದವಳೂ ಅವಳೇ. ಗುರುವಾರ ಆ ಮನೆಗೆ ಹೋಗಿ ಇದನ್ನು ಎಲ್ಲರೆದುರು ಕೇಳಿಸಿಬಿಟ್ಟರೆ ಆಯಿತು, ಕೇಂದ್ರದ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ ಎಂದರು.

ಸುಳ್ಳು ಹೇಳಬಾರದು. ರಮ್ಯಾಗೆ ಮೊದಲು ಆದದ್ದು ಸಮಾಧಾನ. ಸೋಮವಾರ ಬೆಳಿಗ್ಗೆ ಆ ಮನೆಯ ಹಿರಿಯ ಮಗ ಜಯಕುಮಾರ್ ಬಂದು ಮೇಜಿನ ಮುಂದೆ ನಿಂತಾಗಿನಿಂದ ಅವಳಿಗೆ ಊಟ ಸೇರಿರಲಿಲ್ಲ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ತಮ್ಮನ ಕೈಗೆ ನೀವು ಒಂದು ಪಟ್ಟಿ ಕಟ್ಟಿದ್ದಿರಲ್ಲ, ಅದು ಹೇಳಿತೋ ಇಲ್ಲವೋ, ಹೇಳಿದ್ದರೆ ನೀವು ನಮಗೆ ಹೇಳಿದಿರೋ ಇಲ್ಲವೋ, ಇದೆರಡು ಗೊತ್ತಾಗಬೇಕು ಎಂದಷ್ಟೇ ಕೇಳಿದ್ದರು.

ಆ ಪಟ್ಟಿಯ ವಿಷಯ ಹೇಳಿಬಿಡಬೇಕು. ಬಿಡದಿಯ ಬಸ್ ನಿಲ್ದಾಣದ ಹಿಂದೆ ಒಂದು ತಟ್ಟೆ ಇಡ್ಲಿ ಹೋಟೆಲಿನ ಮೇಲಿನ ಮಹಡಿಯಲ್ಲಿ ಈ ಆರೈಕೆ ಕೇಂದ್ರ ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ತಾಲ್ಲೂಕಿನಲ್ಲಿ ಹಾಸಿಗೆ ಹಿಡಿದ ಇನ್ನೂರು ಚಿಲ್ಲರೆ ಜನರ ಮಣಿಕಟ್ಟಿಗೆ ಇವರು ಒಂದೊಂದು ಕಪ್ಪು ಪಟ್ಟಿ ಕಟ್ಟಿದ್ದಾರೆ. ನಾಡಿ, ಮೈಬಿಸಿ, ನಿದ್ದೆ ಎಲ್ಲವೂ ಅದರಿಂದ ಮನೆಯ ಗೋಡೆಗೆ ಸಿಕ್ಕಿಸಿದ ಪೆಟ್ಟಿಗೆಗೂ ಅಲ್ಲಿಂದ ಇಲ್ಲಿನ ಪರದೆಗೂ ಬರುತ್ತವೆ. ಏನಾದರೂ ಏರುಪೇರಾದರೆ ಆ ಹೆಸರು ಕೆಂಪಾಗುತ್ತದೆ. ಅರ್ಧ ಗಂಟೆಯೊಳಗೆ ರಮ್ಯಾ ಆ ಮನೆಗೆ ಫೋನು ಮಾಡಿ, ವಿಚಾರಿಸಿ, ಎರಡು ಸಾಲು ಟೈಪು ಮಾಡಿದರೆ ಕೆಂಪು ಹಳದಿಯಾಗುತ್ತದೆ. ಹಳದಿಯಾದ ಮನುಷ್ಯ ಹುಷಾರಾದನೋ ಬಿಟ್ಟನೋ, ಪರದೆಯ ಮಟ್ಟಿಗೆ ಅವನ ಕೆಲಸ ಮುಗಿಯಿತು.

ಕೆಂಪರಾಜು ಕಬ್ಬಾಳಿನಿಂದಾಚೆ ಎರಡು ಮೈಲಿ ದೂರದ ಹಳ್ಳಿಯವನು. ಆರು ವರ್ಷದ ಹಿಂದೆ ಕಲ್ಲುಕ್ವಾರಿಯಲ್ಲಿ ಮೇಲಿಂದ ಬಿದ್ದು ಬೆನ್ನು ಮುರಿದುಕೊಂಡ. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಮೂತ್ರಕ್ಕೆ ನಳಿಕೆ, ಬೆನ್ನಿಗೆ ಪೌಡರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎಲ್ಲವನ್ನೂ ಹೆಂಡತಿ ರಾಧಾಮಣಿ ನೋಡಿಕೊಳ್ಳುತ್ತಿದ್ದಳು. ಹೋದ ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಅವನ ಹೆಸರು ಕೆಂಪಾಯಿತು. ರಮ್ಯಾ ಕರೆ ಮಾಡಿದಳು. "ಜ್ವರ ನಾಲ್ಕನೇ ದಿನ. ಪೌಡರ್ ಹಾಕಿದ್ದಾರೆ. ಭೇಟಿ ಬೇಡ ಎಂದರು" ಎಂದು ಬರೆದಳು. ಗುರುವಾರ ಬೆಳಿಗ್ಗೆ ಅವನಿಗೆ ಎಚ್ಚರ ತಪ್ಪಿತು. ಕನಕಪುರಕ್ಕೆ ಕರೆದೊಯ್ದರು, ಅಲ್ಲಿಂದ ಬೆಂಗಳೂರಿಗೆ ಬರೆದುಕೊಟ್ಟರು. ಮೂತ್ರದ ಸೋಂಕು ರಕ್ತಕ್ಕೆ ಏರಿದೆ, ಎರಡು ದಿನ ಮುಂಚೆ ತರಬೇಕಿತ್ತು ಎಂದರು ಅಲ್ಲಿನ ಡಾಕ್ಟರು. ಶುಕ್ರವಾರ ಅವನು ಹೋಗಿಬಿಟ್ಟ.

ಎರಡು ದಿನ ಮುಂಚೆ ಎಂದರೆ ಮಂಗಳವಾರ.

ಮೂರನೇ ಸಲ ಕರೆ ಮುಗಿಯುವ ಹೊತ್ತಿಗೆ ಮಮತಾ ಬಾಗಿಲಲ್ಲಿ ಬಂದು ನಿಂತಿದ್ದಳು. ಕನಕಪುರ ಕಡೆಯ ಮನೆಗಳಿಗೆ ಸ್ಕೂಟರಿನಲ್ಲಿ ಓಡಾಡುವ ಕಾರ್ಯಕರ್ತೆ ಅವಳು. ವಾರದ ಕಾಗದ ಪತ್ರ ಕೊಡಲು ಬಂದವಳು, ಕೊಡದೆ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

"ಸರ್, ಇದು ಕೆಂಪರಾಜು ಜ್ವರ ಅಲ್ಲ," ಎಂದಳು. "ಇದು ಹುಳದ ಜ್ವರ."

ರಮ್ಯಾಗೆ ತಲೆಬುಡ ತಿಳಿಯಲಿಲ್ಲ. ಅವಳ ತಂದೆ ಕಾರಿನ ಕಾರ್ಖಾನೆಯಲ್ಲಿ ಫಿಟ್ಟರು. ಹುಟ್ಟಿ ಬೆಳೆದದ್ದೆಲ್ಲ ಬಿಡದಿಯ ಬಾಡಿಗೆ ಮನೆಗಳಲ್ಲಿ. ರೇಷ್ಮೆ ಎಂದರೆ ಅವಳಿಗೆ ಮದುವೆ ಸೀರೆ. ಮಮತಾ ಬಿಡಿಸಿ ಹೇಳಿದಳು. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆಯೆತ್ತಿಕೊಂಡು, ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ಈ ಕಡೆಯವರೆಲ್ಲ ಜ್ವರ ಎನ್ನುವುದು. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಹಾಸು ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ಹೊರಗಿನವರನ್ನು ಹುಳಮನೆಗೆ ಬಿಡುವುದಿಲ್ಲ. ನಾಲ್ಕನೇ ಜ್ವರ ಎದ್ದರೆ ಮುಂದೆ ಗೂಡೇ. ಮರಿಹುಳ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದವರು ಎಷ್ಟನೇ ಜ್ವರ, ಹೇಗಿದೆ ಎಂದು ಮನೆಮನೆಗೂ ಫೋನು ಮಾಡಿ ಕೇಳುತ್ತಾರೆ. ರಾಧಾಮಣಿ ಅವರೇ ಎಂದುಕೊಂಡಿದ್ದಾಳೆ.

ಅಷ್ಟು ಕೇಳುವುದರೊಳಗೆ ರಮ್ಯಾಳ ಕಣ್ಣು ಪರದೆಯ ಪಕ್ಕ ಅಂಟಿಸಿದ ಕಾರ್ಡಿನ ಕಡೆ ತಾನಾಗಿಯೇ ಹೋಯಿತು. ಕರೆ ಮಾಡಿದಾಗ ಮೊದಲು ಸಂಸ್ಥೆಯ ಪೂರ್ತಿ ಹೆಸರು, ಆಮೇಲೆ ಆರೈಕೆಯಲ್ಲಿರುವವರ ಹೆಸರು ಹೇಳಬೇಕು ಎಂದು ಅದರಲ್ಲಿ ದಪ್ಪಕ್ಷರದಲ್ಲಿದೆ. ಮಂಗಳವಾರ ಬಿಸಿಲಿಗೆ ಪಟ್ಟಿಗಳೇ ಕಾದು ಬೆಳಿಗ್ಗೆಯಿಂದ ಹತ್ತೊಂಬತ್ತು ಹೆಸರು ಕೆಂಪಾಗಿದ್ದವು. ಅವಳು ಮಾತು ಮೊಟಕು ಮಾಡಿಕೊಂಡಿದ್ದಳು. ಆರೈಕೆ ಕೇಂದ್ರ ಬರೀ ಕೇಂದ್ರವಾಯಿತು. ಕೆಂಪರಾಜು ಎಂಬ ಹೆಸರು ಬಾಯಿಂದ ಬರಲೇ ಇಲ್ಲ. ಅದೊಂದು ಹೆಸರು ಹೇಳಿದ್ದರೆ ಆ ಹೆಂಗಸು ಒಳಗೋಡಿ ಗಂಡನ ಹಣೆ ಮುಟ್ಟಿ ನೋಡುತ್ತಿದ್ದಳು.

ಯೋಗಾನಂದ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. ಅವರು ಮಾಗಡಿ ಕಡೆಯವರು. ಅವರ ತಾಯಿಯೂ ಹುಳ ಸಾಕಿದವರೇ.

"ನನಗೆ ಮೊದಲನೇ ಸಲವೇ ಗೊತ್ತಾಯ್ತಮ್ಮ," ಎಂದರು. "ಆ ಮನೆಯವರಿಗೂ ಗೊತ್ತಾಗುತ್ತೆ. ಗೊತ್ತಾದ್ರೆ ನಮ್ಮನ್ನ ಬಿಡ್ತಾರೆ."

ಬಿಟ್ಟು ಯಾರನ್ನು ಹಿಡಿದುಕೊಳ್ಳುತ್ತಾರೆ ಎಂಬುದು ಮೂವರಿಗೂ ಗೊತ್ತಿತ್ತು. ಯೋಗಾನಂದ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಸುಲಭವಿತ್ತು. ದೂರು ಮೇಲೆ ಹೋದರೆ ಯೋಜನೆ ನಿಲ್ಲುತ್ತದೆ, ಇನ್ನೂರು ಪಟ್ಟಿಯನ್ನೂ ವಾಪಸು ಕಿತ್ತುಕೊಳ್ಳುತ್ತಾರೆ ಎಂಬ ಭಯ ಅವರಿಗೆ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದ ರಸೂಲ್ ಸಾಹೇಬರ ನಾಡಿ ಒಂದು ಮಧ್ಯಾಹ್ನ ಇಳಿಯುತ್ತಾ ಹೋದದ್ದನ್ನು ಹಿಡಿದದ್ದು ಇದೇ ಪಟ್ಟಿ, ಇದೇ ರಮ್ಯಾ. ಆ ಮನುಷ್ಯ ಇವತ್ತು ಗೋಡೆ ಹಿಡಿದು ನಡೆಯುತ್ತಿದ್ದಾರೆ. ಅಂಥವರ ಗತಿ ಏನು ಎಂದು ಕೇಳಿದರು. ಗುರುವಾರ ತಮಗೆ ರಾಮನಗರದಲ್ಲಿ ಮೀಟಿಂಗ್ ಇದೆ ಎಂದು, ಕರೆಯನ್ನು ರಮ್ಯಾಳ ಮೊಬೈಲಿಗೆ ಹಾಕಿಕೊಟ್ಟು, ಮಮತಾಳ ಜೊತೆ ಹೋಗಿಬಾ ಎಂದರು.

ಗುರುವಾರ ಕನಕಪುರದಲ್ಲಿ ಬಸ್ಸಿಳಿದಾಗ ಮಮತಾ ಸ್ಕೂಟರಿನೊಂದಿಗೆ ಕಾಯುತ್ತಿದ್ದಳು. ದಾರಿಯುದ್ದಕ್ಕೂ ಅವಳು ಹಿಂದಕ್ಕೆ ತಿರುಗಿ ತಿರುಗಿ ಹೇಳಿದ್ದನ್ನು, ಗಾಳಿಯಲ್ಲಿ ಅರ್ಧ ಹಾರಿಹೋದರೂ, ರಮ್ಯಾ ಕೂಡಿಸಿಕೊಂಡು ಕೇಳಿದಳು. ಗಂಡ ಬಿದ್ದ ವರ್ಷವೇ ರಾಧಾಮಣಿ ಹಿತ್ತಲಲ್ಲಿ ಹುಳಮನೆ ಎಬ್ಬಿಸಿದಳಂತೆ. ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟವನ್ನು ಒಬ್ಬಳೇ ಸಂಭಾಳಿಸಿದಳು. ಗಂಡನ ಔಷಧಿ, ನಳಿಕೆ, ಹಾಸಿಗೆ ಎಲ್ಲ ನಡೆದದ್ದು ಅದರಿಂದಲೇ. ಆದರೂ ಅತ್ತೆ ಚಿಕ್ಕಲಕ್ಷ್ಮಮ್ಮನ ಬಾಯಲ್ಲಿ ಆರು ವರ್ಷದಿಂದಲೂ ಒಂದೇ ಮಾತು, ಇವಳಿಗೆ ಗಂಡನಿಗಿಂತ ಹುಳ ಹೆಚ್ಚು ಎಂದು. ಈಗ ಮಗ ಹೋದಮೇಲೆ ಕೇಳಬೇಕೆ. ಹನ್ನೊಂದರ ಕಾರ್ಯ ಮುಗಿಸಿ ಇವಳನ್ನು ತೌರಿಗೆ ಕಳಿಸಿಬಿಡೋಣ, ತೋಟ ನಾನು ನೋಡಿಕೊಳ್ಳುತ್ತೇನೆ ಎಂದು ಜಯಕುಮಾರ್ ಊರವರ ಮುಂದೆ ಆಡಿದ್ದಾರೆ. ಗಂಡನ ಜ್ವರ ಕೇಳಿದರೆ ಹುಳದ ಜ್ವರ ಹೇಳಿದಳು ಎಂಬುದು ಆ ಅಂಗಳದಲ್ಲಿ ಒಂದು ಸಲ ಕೇಳಿಸಿದರೆ ಸಾಕು, ರಾಧಾಮಣಿಗೆ ಅಲ್ಲಿ ನಿಲ್ಲಲು ನೆಲ ಇರುವುದಿಲ್ಲ.

ಹಾಗಾದರೆ ಏನು ಮಾಡುವುದು ಎಂದು ರಮ್ಯಾ ಕೇಳಿದಳು. ಮಮತಾ ಸ್ಕೂಟರಿನ ವೇಗ ತಗ್ಗಿಸಿದಳು. ಫೋನು ಮಾಡಿದವಳು ನೀನು, ನೀನೇ ಯೋಚನೆ ಮಾಡು, ನನಗೂ ಮನೆಯಲ್ಲಿ ಎರಡು ಮಕ್ಕಳಿವೆ, ನಾನು ಬಾಯಿ ಹಾಕುವುದಿಲ್ಲ ಎಂದಳು. ಬೇಜಾರಾದರೂ ಅವಳ ಮಾತು ನ್ಯಾಯವೇ ಎನಿಸಿತು ರಮ್ಯಾಗೆ.

ಮನೆಯ ಮುಂದೆ ಸಾವಿನ ಮನೆಯ ಮೌನ ಇರಲಿಲ್ಲ. ಅದನ್ನು ನೋಡಿ ರಮ್ಯಾ ಗಾಬರಿಯಾದಳು. ಗೋಡೆಯುದ್ದಕ್ಕೂ ಹುಳ ಗೂಡು ಕಟ್ಟುವ ಬಿದಿರಿನ ದೊಡ್ಡ ದೊಡ್ಡ ಚಂದ್ರಿಕೆಗಳನ್ನು ಒರಗಿಸಿದ್ದರು. ಹುಳ ಹಣ್ಣಾಗಿ ನೂಲು ಬಿಡಲು ಸಿದ್ಧವಾಗಿತ್ತು. ಹಣ್ಣಾದ ಹುಳವನ್ನು ಅವತ್ತೇ ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಅದು ತಟ್ಟೆಯಲ್ಲೇ ನೂಲು ಉಗುಳಿ ಹಾಳಾಗುತ್ತದೆ, ಅದಕ್ಕೆ ಸೂತಕ ಗೀತಕ ಗೊತ್ತಾಗುವುದಿಲ್ಲ ಎಂದು ಮಮತಾ ಪಿಸುಗುಟ್ಟಿದಳು. ಅಕ್ಕಪಕ್ಕದ ನಾಲ್ಕಾರು ಹೆಂಗಸರು ಹಿತ್ತಲಿಗೂ ಅಂಗಳಕ್ಕೂ ಓಡಾಡುತ್ತಿದ್ದರು. ಹಸಿಸೊಪ್ಪಿನ ಜೊತೆ ಬೇರೆಯದೇನೋ ಬೆರೆತ ಮಂದ ವಾಸನೆ ಮನೆಯನ್ನೆಲ್ಲ ತುಂಬಿತ್ತು. ನಡುಮನೆಯ ಮಂಚ ಖಾಲಿಯಿತ್ತು. ಅದರ ತಲೆಯ ಹತ್ತಿರ ಗೋಡೆಯಲ್ಲಿ ಕೇಂದ್ರದ ಪೆಟ್ಟಿಗೆ ಇನ್ನೂ ಹಸಿರು ದೀಪ ಮಿನುಗಿಸುತ್ತಿತ್ತು.

ಜಗಲಿಯ ಮೇಲೆ ಜಯಕುಮಾರ್, ಪಕ್ಕದಲ್ಲಿ ಊರಿನ ಇಬ್ಬರು ಹಿರಿಯರು, ಕಂಬಕ್ಕೆ ಒರಗಿ ಚಿಕ್ಕಲಕ್ಷ್ಮಮ್ಮ. ಕೂರಲು ಚಾಪೆ ಕೊಟ್ಟರು. ಚಿಕ್ಕಲಕ್ಷ್ಮಮ್ಮ ಯಾರ ಮುಖವನ್ನೂ ನೋಡದೆ ತನ್ನಷ್ಟಕ್ಕೆ ಮಾತಾಡುತ್ತಿದ್ದಳು. ಮಗ ಎರಡು ದಿನ ಮೈ ಕಾದು ಮಲಗಿದ್ದಾನೆ, ಮನೆಯಲ್ಲಿದ್ದವಳಿಗೆ ಗೊತ್ತಾಗಲಿಲ್ಲ, ಎಲ್ಲಿಂದ ಗೊತ್ತಾಗಬೇಕು, ಹೊತ್ತು ಮೂಡಿದರೆ ಹುಳಮನೆ, ಮುಳುಗಿದರೆ ಹುಳಮನೆ. ತಾನು ಆ ವಾರ ಮಗಳ ಮನೆಗೆ ಹೋಗದಿದ್ದರೆ ಮಗ ಉಳಿಯುತ್ತಿದ್ದ. ಹಿರಿಯರಲ್ಲೊಬ್ಬರು ಸುಮ್ಮನಿರು ಎಂದರು. ಅವಳು ಮತ್ತೆ ಮೊದಲಿಂದ ಶುರು ಮಾಡಿದಳು.

ಜಯಕುಮಾರ್ ಹೆಚ್ಚು ಮಾತು ಬೆಳೆಸಲಿಲ್ಲ.

"ನಂಗೆ ಬೇರೆ ಏನೂ ಬ್ಯಾಡ ಕಣಮ್ಮ," ಎಂದರು. "ಆ ಮಿಸನ್ನು ಅವತ್ತು ತೋರಿಸ್ತಾ, ಇಲ್ವಾ? ತೋರಿಸಿದ್ರೆ ನೀವು ಈ ಮನೆಗೆ ಫೋನ್ ಮಾಡಿದ್ರಾ ಇಲ್ವಾ?"

ಮೊಬೈಲು ರಮ್ಯಾಳ ಕೈಯಲ್ಲೇ ಇತ್ತು. ಅವಳು ಬಸ್ಸಿನಲ್ಲೇ ಆ ಕರೆಯನ್ನು ತೆಗೆದಿಟ್ಟುಕೊಂಡಿದ್ದಳು, ಒಂದು ಸಲ ಬೆರಳೊತ್ತಿದರೆ ಸಾಕು. ಒತ್ತಿದರೆ ತನ್ನ ಕೆಲಸ ಉಳಿಯುತ್ತದೆ. ತಪ್ಪು ಮಾಡಿಲ್ಲ ಎಂದು ಅಪ್ಪನ ಮುಂದೆ ತಲೆಯೆತ್ತಿ ಹೇಳಬಹುದು. ಕೆಲಸಕ್ಕೆ ಸೇರಿ ಇನ್ನೂ ಎಂಟು ತಿಂಗಳು. ಒತ್ತಬಾರದು ಎಂದು ಅವಳೇನೂ ಮೊದಲೇ ತೀರ್ಮಾನ ಮಾಡಿರಲಿಲ್ಲ. ಅವಳಿಗೆ ರಾಧಾಮಣಿ ಯಾರೆಂದೇ ಗೊತ್ತಿಲ್ಲ, ಮುಖ ಕೂಡ ನೋಡಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಎರಡೇ ಉತ್ತರ ಇದ್ದವು. ಫೋನು ಮಾಡಿದೆ ಎಂಬ ಉತ್ತರದಲ್ಲಿ ಅವಳು ಮಂಗಳವಾರ ನುಂಗಿಕೊಂಡ ಆ ಹೆಸರಿಗೆ ಎಲ್ಲೂ ಜಾಗವಿರಲಿಲ್ಲ.

"ತೋರಿಸ್ತು," ಎಂದಳು. "ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ ಕೆಂಪು ಬಂತು. ನಾನು ಫೋನ್ ಮಾಡ್ಲಿಲ್ಲ. ಅವತ್ತು ತುಂಬಾ ಜನರದ್ದು ಕೆಂಪು ಬಂದಿತ್ತು, ಬಿಸಿಲಿಗೆ ಬಂದಿರುತ್ತೆ ಅಂದ್ಕೊಂಡು ಬಿಟ್ಬಿಟ್ಟೆ. ಬೇರೆ ಯಾರದ್ದೂ ತಪ್ಪಿಲ್ಲ."

ಮಮತಾ ಚಾಪೆಯ ಎಳೆಯೊಂದನ್ನು ಕೀಳುತ್ತಾ ಕುಳಿತಿದ್ದವಳು ಕೈ ನಿಲ್ಲಿಸಿದಳು. ಆದರೆ ತಲೆಯೆತ್ತಲಿಲ್ಲ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯಕುಮಾರ್ ಒಳಗೆ ಹೋಗಿ ಒಂದು ಹಾಳೆ, ಪೆನ್ನು ತಂದು ಅವಳ ಮುಂದಿಟ್ಟರು. ಈಗ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಸೈನು ಮಾಡಬೇಕೆಂದರು. ರಮ್ಯಾ ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದಳು. ದಿನಾಂಕ ಹಾಕುವುದು ಮರೆತಿದ್ದಳು, ಅದನ್ನೂ ಕೇಳಿ ಹಾಕಿಸಿಕೊಂಡರು. ಕೇಂದ್ರದ್ದು ತಪ್ಪಿಲ್ಲ, ಒಬ್ಬ ಹುಡುಗಿಯದು ಎಂಬ ಇಂಥದೊಂದು ಕಾಗದ ಸಿಕ್ಕರೆ ಯೋಗಾನಂದರಿಗೂ ಸಾಕು, ಆ ಕರೆಯನ್ನು ಅವರು ಇನ್ನು ಯಾರಿಗೂ ಕೇಳಿಸಲು ಹೋಗುವುದಿಲ್ಲ. ಅದು ಬರೆಯುವಾಗಲೇ ಅವಳಿಗೆ ಹೊಳೆಯಿತು. ತನ್ನನ್ನು ಎಷ್ಟು ದಿನದಲ್ಲಿ ಮನೆಗೆ ಕಳಿಸುತ್ತಾರೆ ಎಂಬುದೂ ಹೊಳೆಯಿತು.

ಬೈಗುಳಕ್ಕೆ ಅವಳು ತಯಾರಾಗಿದ್ದಳು. ಚಿಕ್ಕಲಕ್ಷ್ಮಮ್ಮ ಬೈಯಲಿಲ್ಲ. ಹತ್ತಿರ ಸರಿದು ಬಂದು, ರಮ್ಯಾಳ ಮೊಣಕಾಲ ಮೇಲೆ ಕೈಯಿಟ್ಟು, ಅವಳ ಮುಖವನ್ನೇ ನೋಡಿದಳು.

"ನನ್ನ ಮಗ ನಿನ್ನ ಕೈಲಿದ್ನಲ್ಲವ್ವ," ಎಂದಳು.

ರಮ್ಯಾ ಅತ್ತುಬಿಟ್ಟಳು. ಅಳಬಾರದು, ಇದು ತಾನು ಅಳುವ ಜಾಗವಲ್ಲ ಎಂದು ಗೊತ್ತಿದ್ದರೂ ತಡೆಯಲಾಗಲಿಲ್ಲ. ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡು, ಹಿತ್ತಲ ಕಡೆ ತಿರುಗಿ, ಏಳು ದಿನದಿಂದ ಆ ಹೆಣ್ಣನ್ನು ಬಾಯಿಗೆ ಬಂದಂತೆ ಅಂದೆನಲ್ಲ ಎಂದು ಹಿರಿಯರಿಗೆ ಹೇಳಿಕೊಂಡಳು. ಹಿರಿಯರು ತಲೆಯಾಡಿಸಿದರು. ಜಯಕುಮಾರ್ ಮಾತ್ರ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದರು.

ಆಗ ರಮ್ಯಾ ನೋಡಿದಳು. ನಡುಮನೆಯಿಂದ ಹಿತ್ತಲಿಗೆ ಹೋಗುವ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಸೊಂಟಕ್ಕೆ ಸೆರಗು ಬಿಗಿದು, ಬರಿಗೊರಳಲ್ಲಿ, ಒಂದು ತಟ್ಟೆ ಹುಳ ಹಿಡಿದುಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅತ್ತೆಯನ್ನಾಗಲಿ ಭಾವನನ್ನಾಗಲಿ ನೋಡದೆ, ರಮ್ಯಾಳನ್ನು, ಅದೂ ಅವಳ ಬಾಯನ್ನೇ ನೋಡುತ್ತಿದ್ದಳು. ಆಮೇಲೆ ತಿರುಗಿ ಹೋದಳು.

ಮಮತಾ ಗೋಡೆಯ ಪೆಟ್ಟಿಗೆ ಕಿತ್ತು ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಹೊರಟರು. ಸ್ಕೂಟರು ಬೀದಿಯ ತಿರುವಿನ ಹುಣಸೆಮರದ ಕೆಳಗಿತ್ತು. ಮಮತಾ ದಾರಿಯಲ್ಲಿ ಒಂದೇ ಒಂದು ಮಾತಾಡಿದಳು, ನಿನಗೆ ಬೇರೆ ಎಲ್ಲಾದರೂ ಕೆಲಸ ನೋಡೋಣ ಬಿಡು ಎಂದು. ಸ್ಕೂಟರನ್ನು ತಿರುಗಿಸಿಕೊಳ್ಳಲು ಅವಳು ಮುಂದೆ ಹೋದಾಗ ಹಿಂದಿನಿಂದ ಹೆಜ್ಜೆಸಪ್ಪಳ ಕೇಳಿಸಿತು.

"ಒಸಿ ನಿಲ್ಲವ್ವ."

ರಾಧಾಮಣಿ. ಕೈಯಲ್ಲಿ ಕಪ್ಪು ಪಟ್ಟಿ ಇತ್ತು. ಆಸ್ಪತ್ರೆಯಲ್ಲಿ ಬಿಚ್ಚಿಕೊಟ್ಟಿದ್ದರು, ಇದು ನಿಮ್ಮದು ಎಂದು ಕೊಟ್ಟಳು. ರಮ್ಯಾ ತೆಗೆದುಕೊಂಡಳು. ಇನ್ನು ಹೋಗಬಹುದು ಎಂದುಕೊಂಡಳು. ರಾಧಾಮಣಿ ಹೋಗಲು ಬಿಡಲಿಲ್ಲ.

"ಚಾಕಿ ಕೇಂದ್ರದ ಮೇಡಮ್ಮು ಮಂಗಳವಾರ ನಂಗೆ ಫೋನೇ ಮಾಡಿಲ್ವಂತೆ," ಎಂದಳು. "ನೆನ್ನೆ ಕೇಳ್ದೆ. ಇನ್ಯಾರು ಮಾಡಿದ್ರೋ ಅಂತ ಯೋಚನೆ ಮಾಡ್ತಿದ್ದೆ. ನೀನು ಜಗಲೀಲಿ ಬಾಯಿಬುಟ್ಟ ತಕ್ಷಣ ಗೊತ್ತಾಗೋಯ್ತು. ಅದೇ ದನಿ."

ಇಷ್ಟು ದೂರ ಬರುವಾಗ, ಅಷ್ಟೆಲ್ಲ ಯೋಚಿಸುವಾಗ, ಸುಳ್ಳು ಹೇಳುವುದೂ ಅದೇ ದನಿಯಲ್ಲಿ ಎಂಬುದು ರಮ್ಯಾಗೆ ಹೊಳೆದಿರಲಿಲ್ಲ. ಅವಳು ಏನೇನೋ ಹೇಳಲು ಹೋದಳು. "ಅಕ್ಕ, ನಾನು ಅವರ ಹೆಸರು ಹೇಳ್ಬೇಕಿತ್ತು. ಹೇಳ್ಲಿಲ್ಲ. ತಪ್ಪು ನಂದೇ ಅಕ್ಕ."

ರಾಧಾಮಣಿ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಒಮ್ಮೆ ಮನೆಯ ಕಡೆ ತಿರುಗಿ ನೋಡಿದಳು. ಮುಖದಲ್ಲಿ ನಾಚಿಕೆಯಿತ್ತು.

"ನೀನು ಬರ್ಕೊಟ್ಟಿದ್ದು ಹಂಗೇ ಇರ್ಲಿ," ಎಂದಳು ದನಿ ತಗ್ಗಿಸಿ. "ಯಾರಿಗೂ ಹೇಳ್ಬ್ಯಾಡ. ನಾನು ಇದೇ ಮನೇಲಿ ಬಾಳಾಟ ಮಾಡ್ಬೇಕು."

ರಮ್ಯಾ ಹೂಂ ಎಂದಳು. ರಾಧಾಮಣಿಗೆ ಬೇಕಾದದ್ದು ಸಿಕ್ಕಿತ್ತು, ಆದರೂ ನಿಂತೇ ಇದ್ದಳು. ಯಾರಿಗಾದರೂ ಹೇಳಲೇಬೇಕು, ಹೇಳಲು ಈ ಭೂಮಿಯ ಮೇಲೆ ಇವಳೊಬ್ಬಳೇ ಇರುವುದು ಎಂಬಂತೆ ನಿಂತಿದ್ದಳು.

"ಫೋನು ಮಡಗಿದ್ಮೇಲೆ, ಯಾರೇ ಅದು ಅಂದ್ರು ನಮ್ಮನೆಯವ್ರು ಒಳಗಿಂದ. ಚಾಕಿಯವ್ರು ಅಂದೆ. ಹುಳ ಚೆಂದಾಗವೆ ಅಂತ ಹೇಳ್ದಾ ಅಂದ್ರು. ಹೂಂ ಅಂದೆ. ಅವ್ರೂ ಖುಷಿಯಾದ್ರು. ಆಮ್ಯಾಕೆ, ಯಾಕೋ ಚಳಿಯಾಯ್ತದೆ, ಒಸಿ ಹೊದಿಸು ಅಂದ್ರು. ಆ ಬಿಸಿಲಲ್ಲಿ ಚಳಿ ಅಂದ್ರೂ ನಂಗೆ ಹೊಳೀನಿಲ್ಲ. ಮಂಚದ ತಾವ್ಕೆ ಹೋದೆ. ಆಗಷ್ಟೇ ಹುಳದ ಮ್ಯಾಲೆ ಪೌಡ್ರು ಉದುರ್ಸಿ ಬಂದಿದ್ದೆ, ಎರಡು ಕೈಯೂ ಸುಣ್ಣ. ಮೈಗೆ ಹತ್ಕಂಡಾತು ಅಂತ, ಮೊಣಕೈಯಲ್ಲೇ ಕಂಬಳಿ ಎಳ್ದು ಹೊದಿಸ್ಬುಟ್ಟು ಬಂದೆ. ಮುಟ್ನಿಲ್ಲ ಕಣವ್ವ."

ಮಮತಾ ಸ್ಕೂಟರು ಚಾಲೂ ಮಾಡಿದ್ದಳು, ಆರಿಸಿದಳು. ಮನೆಯ ಕಡೆಯಿಂದ ಯಾರೋ ಹೆಂಗಸು ರಾಧಾಮಣಿಯನ್ನು ಕೂಗಿ, ತಟ್ಟೆಯಲ್ಲಿ ಹುಳ ನೂಲು ಬಿಡುತ್ತಿದೆ, ಇನ್ನೊಂದು ಚಂದ್ರಿಕೆ ಬೇಕು ಎಂದಳು. ಬಂದೆ ಎಂದು ರಾಧಾಮಣಿ ಹೊರಟಳು. ಗೋಡೆಗೆ ಒರಗಿದ್ದವುಗಳಲ್ಲಿ ಒಂದನ್ನು ಎರಡೂ ಕೈ ಚಾಚಿ ಎತ್ತಿಕೊಂಡಳು. ಅದು ಅವಳಿಗಿಂತ ಎತ್ತರವಿತ್ತು, ಹಿತ್ತಲ ಓಣಿ ಇಕ್ಕಟ್ಟು. ಚಂದ್ರಿಕೆಯನ್ನು ಓರೆ ಮಾಡಿ, ಅದರ ಹಿಂದೆ ತಾನೂ ಓರೆಯಾಗಿ, ಗೋಡೆಗೆ ತಾಗದಂತೆ ನಿಧಾನವಾಗಿ ಒಳಗೆ ನಡೆದಳು.